ದೂರವೈದ್ಯವೂ ಹಳ್ಳಿಯ ರೋಗಿಯ ನೋವೂ

ರೋಗವು ಇನ್ನು ಗುಣವಾಗದೆಂದು ನಿರ್ಣಯವಾದ ಮಾತ್ರಕ್ಕೆ ವೈದ್ಯನ ಕೆಲಸ ಮುಗಿಯಿತೆ? ಬಹುಕಾಲ ಆಸ್ಪತ್ರೆಗಳು ಈ ಪ್ರಶ್ನೆಗೆ ಬಾಯಿಬಿಟ್ಟು ಹೇಳದಿದ್ದರೂ ನಡತೆಯಿಂದ ಹೌದೆಂದೇ ಉತ್ತರ ಕೊಡುತ್ತಿದ್ದುವು. “ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ” ಎಂಬ ಮಾತಿನೊಡನೆ ರೋಗಿಯ ಕಡತ ಮುಚ್ಚಿಹೋಗುತ್ತಿತ್ತು. ಚೆನ್ನಾಗಿ ನೋಡಿಕೊಳ್ಳುವುದು ಹೇಗೆಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಆದರೆ ಗುಣವಾಗದ ರೋಗದಲ್ಲಿಯೂ ನೋವು, ಏದುಸಿರು, ವಾಂತಿ, ಮಲಬದ್ಧತೆ, ನಿದ್ರಾನಾಶ, ಭಯ ಇವುಗಳಿಗೆಲ್ಲ ಬೇರೆ ಬೇರೆ ಕಾರಣಗಳಿವೆ. ಕಾರಣವನ್ನರಿತು ಉಪಚರಿಸಿದರೆ ಬಹುಪಾಲು ತಗ್ಗಿಸಲೂ ಬಹುದು. ಹೀಗೆ ರೋಗವನ್ನಲ್ಲದೆ ರೋಗಿಯ ಸಂಕಟವನ್ನೇ ಗುರಿಯಾಗಿಟ್ಟುಕೊಂಡ ವೈದ್ಯಶಾಖೆಗೆ ಉಪಶಮನ ಚಿಕಿತ್ಸೆಯೆಂದು ಹೆಸರು.

ಈ ಶಾಖೆಗೆ ಇಂದಿನ ರೂಪವನ್ನು ಕೊಟ್ಟವರಲ್ಲಿ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲನೆಯವರು. ಆಕೆ ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ಕೆಲಸ ಮಾಡಿದವರು. ೧೯೬೭ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ ಎಂಬ ಆರೈಕೆಯ ಧಾಮವನ್ನು ತೆರೆದರು. ಸಾಯುತ್ತಿರುವವನ ನೋವಿನಲ್ಲಿ ದೇಹದ ನೋವಿನೊಡನೆ ಮನಸ್ಸಿನ ಅಳಲು, ಸಂಸಾರದ ಚಿಂತೆ, ಬಾಳಿನ ಅರ್ಥವೇನೆಂಬ ತಳಮಳ ಇವೂ ಹೆಣೆದುಕೊಂಡಿರುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಉಪಚರಿಸಲಾಗದು ಎಂಬುದು ಆಕೆಯ ಮುಖ್ಯ ಉಪದೇಶ. ಬೆಂಗಳೂರಿನ ‘ಕರುಣಾಶ್ರಯ’ವೂ ಇದೇ ಬಗೆಯ ಸಂಸ್ಥೆ.

ಧಾಮಗಳು ಇರುವುದು ನಗರಗಳಲ್ಲಿ. ರೋಗಿಗಳು ಬಹುಮಂದಿ ಇರುವುದು ಹಳ್ಳಿಗಳಲ್ಲಿ. ನಮ್ಮ ಹಿಂದಿನ ಲೇಖಕರು ಏಡಿಗಂತಿಯೆಂದು ಕರೆದ ಕ್ಯಾನ್ಸರ್ ರೋಗವನ್ನೇ ತೆಗೆದುಕೊಳ್ಳೋಣ. ರೋಗಿಯು ದೊಡ್ಡ ಊರಿಗೆ ಹೋಗಿ, ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಎಲ್ಲವನ್ನೂ ಮುಗಿಸಿ, ಫಲ ಕಾಣದೆ ಹಿಂದಿರುಗುತ್ತಾನೆ. ಆತನ ಸ್ಥಿತಿಯನ್ನು ಬಲ್ಲ ವೈದ್ಯರು ನೂರಾರು ಮೈಲಿಗಳಾಚೆ ಉಳಿಯುತ್ತಾರೆ. ನಿಜವಾದ ಕಷ್ಟಗಳು ತಲೆದೋರುವುದು ಅನಂತರ. ಬೆನ್ನುಮೂಳೆಗೆ ರೋಗ ಹರಡಿದವನನ್ನು ಬಸ್ಸಿನಲ್ಲಿ ಕೂರಿಸಿ ಕರೆದೊಯ್ಯುವುದೇ ಒಂದು ಹಿಂಸೆ. ಬಾಡಿಗೆ ಕಾರಿಗೆ ಹಣ ಸಾಲದು. ಮನೆಯಲ್ಲಿ ದುಡಿಯುವವನು ಒಬ್ಬನೇ ಆದರೆ ಆ ದಿನದ ಕೂಲಿಯೂ ಹೋಯಿತು. ರೋಗಿಯು ಹೆಚ್ಚು ಆರೈಕೆ ಬೇಡುವ ಕಾಲಕ್ಕೇ ಆತನು ಪ್ರಯಾಣಕ್ಕೆ ಅತ್ಯಂತ ಅಶಕ್ತನಾಗಿರುತ್ತಾನೆ. ದೂರವು ಎಲ್ಲ ರೋಗಗಳಲ್ಲಿಯೂ ತೊಡಕೇ. ಇಲ್ಲಿ ಮಾತ್ರ ಅದು ವಾರದಿಂದ ವಾರಕ್ಕೆ ಬೆಳೆಯುತ್ತ ಹೋಗುವ ತೊಡಕು.

ವೈದ್ಯನಾಗಲಿ ರೋಗಿಯಾಗಲಿ ಚಲಿಸದೆ, ಅವರಿಬ್ಬರ ಮಾತನ್ನು ಮಾತ್ರ ಚಲಿಸುವಂತೆ ಮಾಡಿದರೆ ಹೇಗೆ? ಈ ಯೋಚನೆ ಟೆಲಿಫೋನಿನಷ್ಟೇ ಹಳೆಯದು. ೧೮೭೯ರಲ್ಲಿಯೇ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ, ನಡುರಾತ್ರಿಯಲ್ಲಿ ಮಗುವಿನ ಕೆಮ್ಮನ್ನು ಟೆಲಿಫೋನಿನ ಮೂಲಕ ಕೇಳಿ, ಹೆದರಬೇಕಾದ ರೋಗವಲ್ಲವೆಂದು ಹೇಳಿದ ವೈದ್ಯನೊಬ್ಬನ ವೃತ್ತಾಂತ ಬಂದಿತು. ಹೃದಯದ ವಿದ್ಯುತ್ ಸ್ಪಂದನಗಳನ್ನು ದಾಖಲಿಸುವ ಉಪಕರಣವನ್ನು ನಿರ್ಮಿಸಿದ ಐಂಟ್‌ಹೋವನ್ ೧೯೦೫ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯಲೇಖವನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರು ದೂರದ ತಮ್ಮ ಪ್ರಯೋಗಶಾಲೆಗೆ ತರಿಸಿಕೊಂಡರು. ನಮ್ಮ ದೇಶದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಉಪಗ್ರಹಗಳ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ಹೃದಯತಜ್ಞರಿಗೂ ಸಂಪರ್ಕ ಏರ್ಪಟ್ಟಿತು. ಇಂದು ಅಷ್ಟು ದೊಡ್ಡ ಸಾಧನಗಳೂ ಬೇಡ. ರೈತನ ಜೇಬಿನಲ್ಲಿರುವ ಮೊಬೈಲ್ ಫೋನೇ ಸಾಕು. ಈ ವಿಧಾನಕ್ಕೆ ದೂರವೈದ್ಯವೆಂದು ಹೇಳುವುದು ಸಲೀಸು.

ಟೆಲಿಫೋನಿನ ಮೂಲಕ ಮುರಿದ ಮೂಳೆಯನ್ನು ಕೂಡಿಸಲಾಗದು, ಹೆರಿಗೆ ಮಾಡಿಸಲಾಗದು. ವೈದ್ಯಶಾಸ್ತ್ರದ ಎಲ್ಲ ಶಾಖೆಗಳಲ್ಲಿ ಉಪಶಮನ ಚಿಕಿತ್ಸೆಯೇ ಅದಕ್ಕೆ ಹೆಚ್ಚು ಒಗ್ಗುವುದೆಂದು ಹೇಳಿದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಸಾಯುತ್ತಿರುವವನ ಬಳಿಗೆ ಯಂತ್ರವನ್ನು ಕಳುಹಿಸುವುದು ನಿರ್ದಯವೆಂದು ತೋರಲೂಬಹುದು. ಆದರೆ ಯೋಚಿಸಿ ನೋಡಬೇಕು. ಜ್ವರಕ್ಕೆ ಉಷ್ಣಮಾಪಕವಿದೆ, ರಕ್ತದ ಒತ್ತಡಕ್ಕೆ ಮಾಪಕವಿದೆ. ನೋವನ್ನು ಅಳೆಯುವ ಮಾಪಕ ಮಾತ್ರ ಇಲ್ಲ. ನೋವುಂಟೆಂದು ಯಾರಿಗೆ ಅದು ಆಗುತ್ತಿದೆಯೋ ಅವನ ಮಾತಿನಿಂದಲೇ ತಿಳಿಯಬೇಕು. ಎಲ್ಲಿ, ಯಾವಾಗ, ಎಷ್ಟು, ಯಾವ ಬಗೆಯದು, ಯಾವುದರಿಂದ ಕೆರಳುತ್ತದೆ, ಯಾವುದರಿಂದ ತಣಿಯುತ್ತದೆ ಎಂದು ಕೇಳಿ, ಉತ್ತರವನ್ನು ಸಾವಧಾನವಾಗಿ ಆಲಿಸುವುದೇ ಇಲ್ಲಿಯ ಪರೀಕ್ಷೆಯ ಮುಖ್ಯಭಾಗ. ಆ ಪರೀಕ್ಷೆ ತಂತಿಯ ಮೇಲೆ ಬಹುಮಟ್ಟಿಗೆ ನಡೆಯುತ್ತದೆ.

ಇಲ್ಲಿ ಭಾಷೆಯ ವಿಷಯವನ್ನೂ ಒಂದಿಷ್ಟು ಹೇಳಬೇಕು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿರೆಂದು ಕೇಳುವ ಪದ್ಧತಿ ಎಲ್ಲೆಡೆಯೂ ಬಳಕೆಯಲ್ಲಿದೆ; ಇಂದಿನ ಅಂಕಕ್ಕೂ ನಾಳೆಯ ಅಂಕಕ್ಕೂ ಹೋಲಿಕೆ ದೊರೆಯುವುದರಿಂದ ಅದು ಉಪಯುಕ್ತವೂ ಹೌದು. ಆದರೆ ಅಂಕವು ನೋವಿನ ಜಾತಿಯನ್ನು ತಿಳಿಸದು. ಅದನ್ನು ತಿಳಿಸುವುದು ಉರಿ, ಚಳಕು, ಸಿಡಿತ, ಜೋಮು, ಹಿಂಡುವಿಕೆ, ಸೆಳೆತ ಮೊದಲಾದ ನಮ್ಮ ಮಾತುಗಳೇ. ಬೆಂಕಿಯಂತೆ ಉರಿಯುತ್ತದೆ, ಕರೆಂಟು ಹೊಡೆದಂತಾಗುತ್ತದೆ, ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದರೆ ನರಕ್ಕೆ ಪೆಟ್ಟಾಗಿರುವ ಸಂಭವ ಹೆಚ್ಚು. ಅದಕ್ಕೆ ಸಾಮಾನ್ಯ ನೋವಿನ ಗುಳಿಗೆಗಳು ಸಾಲವು, ನರಗಳ ಮೇಲೆ ಕೆಲಸ ಮಾಡುವ ಬೇರೆ ಔಷಧಗಳು ಬೇಕು. ಹೊಟ್ಟೆಯಲ್ಲಿ ಹಿಂಡಿ ಹಿಂಡಿ ಬಿಡುತ್ತದೆ ಎಂದರೆ ಕರುಳಿನ ಕಡೆ ನೋಡಬೇಕು. ಮಲಗಿದ್ದರೆ ಏನೂ ಇಲ್ಲ, ಮಗ್ಗುಲಾದರೆ ಜೀವ ಹೋಗುತ್ತದೆ ಎಂದರೆ ಮೂಳೆಯ ಯೋಚನೆ ಬರುತ್ತದೆ. ಆದುದರಿಂದ ಟೆಲಿಫೋನಿನ ಆಚೆ ತುದಿಯಲ್ಲಿ ಕುಳಿತವರು ಔಷಧಶಾಸ್ತ್ರದೊಡನೆ ಆ ಸೀಮೆಯ ಆಡುಮಾತನ್ನೂ ಬಲ್ಲವರಾಗಿರಬೇಕು. ಬೀದರಿನ ಮುದುಕಿಯ ಸಂಕಟವನ್ನು ಅರ್ಥಮಾಡಿಕೊಳ್ಳಲು ಪಟ್ಟಿಯಲ್ಲಿ ಗುರುತು ಹಾಕುವ ಯಂತ್ರಗಳಿಂದ ಆಗುವುದೆಂದು ನನಗೆ ತೋರುವುದಿಲ್ಲ.

ಇನ್ನು ಔಷಧದ ವಿಷಯ. ತೀವ್ರವಾದ ಕ್ಯಾನ್ಸರ್ ನೋವಿಗೆ ಇಂದಿಗೂ ಮುಖ್ಯವಾದ ಮದ್ದು ಮಾರ್ಫೀನ್. ಗಸಗಸೆ ಗಿಡದ ಹಸಿಯ ಕಾಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ೧೯ನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಸರ್ಟೂರ್ನರ್ ಎಂಬ ಔಷಧಗಾರನು ಅದರಿಂದ ಈ ಸಾರವನ್ನು ಬೇರ್ಪಡಿಸಿದನು. ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಕೆಲವು ಗ್ರಾಹಕಗಳಿವೆ. ಮಾರ್ಫೀನ್ ಅವುಗಳಿಗೆ ಅಂಟಿಕೊಂಡು, ನೋವಿನ ಸುದ್ದಿಯು ನರದಿಂದ ನರಕ್ಕೆ ದಾಟುವುದನ್ನು ತಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೮೬ರಲ್ಲಿ ಕ್ಯಾನ್ಸರ್ ನೋವಿನ ಉಪಚಾರಕ್ಕೆ ಮೂರು ಮೆಟ್ಟಿಲುಗಳ ಕ್ರಮವೊಂದನ್ನು ಪ್ರಕಟಿಸಿತು. ೨೦೧೮ರ ಪರಿಷ್ಕರಣದಲ್ಲಿ ಆ ಮೆಟ್ಟಿಲುಗಳು ಹಿಂದಕ್ಕೆ ಸರಿದುವಾದರೂ ಸಾಧ್ಯವಾದಷ್ಟೂ ಬಾಯಿಯ ಮೂಲಕ, ಗಡಿಯಾರ ನೋಡಿಕೊಂಡು, ರೋಗಿಗೆ ತಕ್ಕಷ್ಟು ಕೊಡಬೇಕೆಂಬ ಸೂತ್ರ ಹಾಗೆಯೇ ಉಳಿದಿದೆ.

ಗಡಿಯಾರ ನೋಡಿಕೊಂಡು ಎಂಬುದಕ್ಕೆ ಕಾರಣವುಂಟು. ಸಾಮಾನ್ಯ ಮಾರ್ಫೀನ್ ಗುಳಿಗೆಯ ಪ್ರಭಾವ ಸುಮಾರು ನಾಲ್ಕು ಗಂಟೆಗಳದು. ನೋವು ಬಂದ ಮೇಲೆ ಕೊಡೋಣವೆಂದು ಕಾದರೆ, ನೋವು ಏರಿ, ಗುಳಿಗೆ ಕರಗಿ, ರಕ್ತವನ್ನು ಸೇರುವವರೆಗೆ ರೋಗಿಯು ಒದ್ದಾಡಬೇಕಾಗುತ್ತದೆ. ಆದಕಾರಣ ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಟ್ಟು, ನಡುವೆ ನೋವು ತಲೆಯೆತ್ತಿದರೆ ಅದೇ ಪ್ರಮಾಣದ ಇನ್ನೊಂದನ್ನು ಹೆಚ್ಚಾಗಿ ಕೊಡುವುದು ಸಾಮಾನ್ಯ ಕ್ರಮ. ಒಂದು ಲೆಕ್ಕ ನೋಡೋಣ. ರೋಗಿಗೆ ೧೦ ಮಿಲಿಗ್ರಾಮಿನಂತೆ ದಿನಕ್ಕೆ ಆರು ಸಲ, ಒಟ್ಟು ೬೦ ಮಿಲಿಗ್ರಾಂ ಗೊತ್ತಾಗಿದೆಯೆನ್ನಿ. ನಿನ್ನೆ ಮೂರು ಸಲ ಹೆಚ್ಚಿನ ಗುಳಿಗೆ ಬೇಕಾಯಿತು. ಒಟ್ಟು ೯೦ ಆಯಿತು. ಆ ೯೦ನ್ನು ಆರರಿಂದ ಭಾಗಿಸಿದರೆ ೧೫; ಇಂದಿನಿಂದ ಪ್ರತಿಸಲವೂ ೧೫ ಮಿಲಿಗ್ರಾಂ ಕೊಡುವುದು ಯುಕ್ತವೆಂದು ವೈದ್ಯನು ನಿಶ್ಚಯಿಸಬಹುದು. ಮೂತ್ರಪಿಂಡಗಳು ದುರ್ಬಲವಾಗಿರುವವರಲ್ಲಿ ಈ ಲೆಕ್ಕ ನಡೆಯದು. ಇಂಥದನ್ನು ಮನೆಯವರು ತಾವಾಗಿಯೇ ಮಾಡಲೂ ಕೂಡದು. ಆದರೆ ಮನೆಯವರು ಗುಳಿಗೆ ಕೊಟ್ಟ ಹೊತ್ತನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ಓದಿ ಹೇಳಿದರೆ, ನೂರು ಮೈಲಿ ದೂರದ ವೈದ್ಯನೂ ಎದುರಿಗಿದ್ದವನಂತೆಯೇ ನಿಶ್ಚಯಿಸಬಲ್ಲನು.

ಇದರ ಜೊತೆಗೆ ಹೇಳಬೇಕಾದ ಮಾತುಗಳು ಅನೇಕ. ಮಾರ್ಫೀನ್ ಕೊಡುವಾಗ ಮಲಬದ್ಧತೆ ಬಹುಮಟ್ಟಿಗೆ ತಪ್ಪದು. ಆದುದರಿಂದ ಮೊದಲ ದಿನದಿಂದಲೇ ಭೇದಿಯ ಔಷಧ ಕೂಡಿರಬೇಕು. ಮೊದಲ ಎರಡು ಮೂರು ದಿನ ಮಂಪರು, ಕೆಲವರಿಗೆ ವಾಕರಿಕೆ. ಅವು ಸಾಮಾನ್ಯವಾಗಿ ತಾವೇ ಇಳಿಯುತ್ತವೆ. ಚಟ ಹತ್ತೀತೆಂಬ ಭಯದಿಂದ ಮಗನು ರಾತ್ರಿಯ ಗುಳಿಗೆಯನ್ನು ತಪ್ಪಿಸುತ್ತಾನೆ. ಉಸಿರು ನಿಂತೀತೆಂಬ ಭಯದಿಂದ ಸ್ಥಳದ ವೈದ್ಯನು ಬರೆಯಲು ಹಿಂಜರಿಯುತ್ತಾನೆ. ನೋವಿಗೆ ತಕ್ಕಂತೆ ಅಳೆದು, ಸ್ವಲ್ಪಸ್ವಲ್ಪವಾಗಿ ಏರಿಸಿದಾಗ ಈ ಎರಡು ಅಪಾಯಗಳೂ ಜನ ನಂಬಿರುವುದಕ್ಕಿಂತ ಎಷ್ಟೋ ಕಡಿಮೆ. ಇಂಥ ಭಯಗಳನ್ನು ಒಂದು ಸಲದ ಭೇಟಿಯಲ್ಲಿ ಹೋಗಲಾಡಿಸಲಾಗದು. ಅವು ಮತ್ತೆ ಮತ್ತೆ ಬರುತ್ತವೆ. ಬಂದಾಗಲೆಲ್ಲ ಕೇಳಲು ಒಬ್ಬರು ಬೇಕು.

ಹಾಗಾದರೆ ದೂರವಾಣಿಯ ಮೂಲಕ ಈ ಆರೈಕೆ ನಿಜವಾಗಿ ಫಲಕೊಡುತ್ತದೆಯೆ? ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಈಶಾನ್ಯ ಮೂಲೆಯಲ್ಲಿ ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್ ಎಂಬ ಎರಡು ರಾಜ್ಯಗಳಿವೆ. ಗುಡ್ಡಕಾಡು, ಚದುರಿದ ಊರುಗಳು, ಚಳಿಗಾಲದಲ್ಲಿ ಹಿಮ ಮುಚ್ಚಿದ ದಾರಿಗಳು. ಅಲ್ಲಿ ಮೇರಿ ಬಕಿಟಾಸ್ ಎಂಬ ದಾದಿ-ಸಂಶೋಧಕಿಯೂ ಅವರ ಸಂಗಡಿಗರೂ ಮುಂದುವರಿದ ಕ್ಯಾನ್ಸರ್ ಇದ್ದ ೩೨೨ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳನ್ನಾಗಿ ವಿಂಗಡಿಸಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿಗೆ ಅದರೊಡನೆ ವಿಶೇಷ ತರಬೇತಿ ಪಡೆದ ದಾದಿಯೊಬ್ಬಳು ಟೆಲಿಫೋನಿನಲ್ಲಿಯೇ ನಾಲ್ಕು ವಾರ ಪಾಠ ಹೇಳಿ, ಆಮೇಲೆ ತಿಂಗಳಿಗೊಮ್ಮೆ ವಿಚಾರಿಸಿಕೊಳ್ಳುತ್ತಿದ್ದಳು. ಕಷ್ಟವನ್ನು ಹೇಗೆ ಎದುರಿಸಬೇಕು, ವೈದ್ಯರೊಡನೆ ಹೇಗೆ ಮಾತಾಡಬೇಕು, ಮುಂದಿನ ದಿನಗಳಿಗೆ ಏನು ಸಿದ್ಧಮಾಡಿಕೊಳ್ಳಬೇಕು ಎಂಬುದೇ ಪಾಠ.

ಫಲಿತಾಂಶವು ೨೦೦೯ರಲ್ಲಿ ಪ್ರಕಟವಾಯಿತು. ದಾದಿಯ ಕರೆ ಬರುತ್ತಿದ್ದವರ ಬಾಳಿನ ಗುಣಮಟ್ಟವೂ ಮನಸ್ಸಿನ ಸ್ಥಿತಿಯೂ ಇತರರಿಗಿಂತ ಉತ್ತಮವಾಗಿದ್ದುವು. ಆದರೆ ರೋಗಲಕ್ಷಣಗಳ ತೀವ್ರತೆ ತಗ್ಗಿರಲಿಲ್ಲ. ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಕಡಿಮೆಯಾಗಿರಲಿಲ್ಲ. ಉತ್ಸಾಹಿಗಳು ಮೊದಲಿನ ಅರ್ಧವನ್ನೇ ಎತ್ತಿ ಹೇಳುವುದುಂಟು. ನನಗೆ ಎರಡನೆಯ ಅರ್ಧವೇ ಹೆಚ್ಚು ವಿಚಾರಯೋಗ್ಯವೆನಿಸುತ್ತದೆ. ಧೈರ್ಯ, ತಿಳಿವಳಿಕೆ, ಸಂಗಾತಿತನ ಇವೆಲ್ಲ ದನಿಯ ಜೊತೆಗೆ ಸಾಗಿಬಂದುವು. ಮಾತ್ರೆ ಸಾಗಿಬರಲಿಲ್ಲ. ಆ ದಾದಿಯರು ಬೋಧಕರಾಗಿದ್ದರೇ ಹೊರತು ಔಷಧ ಬದಲಿಸುವ ಹೊಣೆ ರೋಗಿಯ ವೈದ್ಯರಲ್ಲಿಯೇ ಉಳಿದಿತ್ತು.

ಇತ್ತೀಚೆಗೆ ಇನ್ನೂ ದೊಡ್ಡ ಪರೀಕ್ಷೆಯೊಂದು ನಡೆಯಿತು. ಅಮೆರಿಕದ ೨೨ ಕ್ಯಾನ್ಸರ್ ಕೇಂದ್ರಗಳಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದಿದ್ದ ೧,೨೫೦ ರೋಗಿಗಳಲ್ಲಿ ಅರ್ಧ ಮಂದಿಯನ್ನು ಉಪಶಮನ ವೈದ್ಯರು ಮುಖಾಮುಖಿಯಾಗಿಯೂ ಉಳಿದ ಅರ್ಧ ಮಂದಿಯನ್ನು ವೀಡಿಯೋ ಮೂಲಕವೂ ಕಂಡರು. ೨೦೨೪ರಲ್ಲಿ ಪ್ರಕಟವಾದಂತೆ, ಇಪ್ಪತ್ತನಾಲ್ಕು ವಾರಗಳ ಕೊನೆಗೆ ಎರಡು ಗುಂಪುಗಳ ಬಾಳಿನ ಗುಣಮಟ್ಟವೂ ಸರಿಸಮನಾಗಿತ್ತು. ಇಲ್ಲಿ ಮಾತಾಡಿದವರೇ ಔಷಧವನ್ನೂ ನಿರ್ಧರಿಸಬಲ್ಲವರು ಎಂಬುದನ್ನು ಗಮನಿಸಬೇಕು. ಇನ್ನೊಂದು ಸಣ್ಣ ಅಂಶವೂ ಅದರಲ್ಲಿದೆ. ಮುಖಾಮುಖಿ ಭೇಟಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮನೆಯವರೊಬ್ಬರು ಜೊತೆಗಿದ್ದರು. ವೀಡಿಯೋ ಭೇಟಿಗಳಲ್ಲಿ ಅವರ ಪಾಲು ನೂರಕ್ಕೆ ಸುಮಾರು ೩೭ ಮಾತ್ರ. ಆಸ್ಪತ್ರೆಗೆ ಹೋಗಲು ರೋಗಿಗೆ ಜೊತೆ ಬೇಕು, ಪರದೆಯ ಮುಂದೆ ಕೂರಲು ಬೇಡ. ಹೀಗಾಗಿ ಆರೈಕೆ ಮಾಡುವವರು ಸದ್ದಿಲ್ಲದೆ ಹೊರಗುಳಿದಿರಬೇಕು. ಅಡಿಗೆಮನೆಯಲ್ಲಿ ಕೆಲಸದಲ್ಲಿರುವ ಸೊಸೆಯನ್ನೂ ಕರೆದು ಕೂರಿಸಿಕೊಳ್ಳಿರೆಂದು ವೈದ್ಯರೇ ಹೇಳಬೇಕಾಗುತ್ತದೆ. ರಾತ್ರಿ ಗುಳಿಗೆ ಕೊಡುವವಳು ಆಕೆಯೇ ಅಲ್ಲವೆ?

ದನಿಯು ಬಂದು ಮದ್ದು ಬಾರದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡವರು ಆಸ್ಟ್ರೇಲಿಯದವರು. ಆ ಖಂಡದ ಒಳನಾಡಿನಲ್ಲಿ ಕುರಿ ದನಗಳ ಹಟ್ಟಿಗಳು ಒಂದರಿಂದ ಇನ್ನೊಂದಕ್ಕೆ ನೂರಾರು ಮೈಲಿ. ಜಾನ್ ಫ್ಲಿನ್ ಎಂಬ ಪಾದ್ರಿಯ ಪ್ರಯತ್ನದಿಂದ ೧೯೨೮ರಲ್ಲಿ ಅಲ್ಲಿ ವಿಮಾನವೈದ್ಯರ ಸೇವೆ ಆರಂಭವಾಯಿತು. ವೈದ್ಯರನ್ನು ಕರೆಯುವ ಬಗೆ? ಆಲ್ಫ್ರೆಡ್ ಟ್ರೇಗರ್ ಎಂಬ ತಂತ್ರಜ್ಞನು ಕಾಲಿನಿಂದ ತುಳಿದು ವಿದ್ಯುತ್ತನ್ನು ಪಡೆಯುವ ರೇಡಿಯೋ ಒಂದನ್ನು ಮಾಡಿಕೊಟ್ಟನು. ೧೯೨೯ರಿಂದ ಅವು ಹಟ್ಟಿಗಳಲ್ಲಿ ನೆಲೆಗೊಂಡುವು. ಕರೆ ಬಂದರೂ ವಿಮಾನ ಬರಲು ಹೊತ್ತು ಹಿಡಿಯುತ್ತದೆ. ಎಲ್ಲ ಕಾಯಿಲೆಗೂ ವಿಮಾನ ಬೇಕಾಗುವುದೂ ಇಲ್ಲ. ಆಗ ೧೯೪೨ರಲ್ಲಿ ಬಂದುದು ಔಷಧದ ಪೆಟ್ಟಿಗೆ. ಪ್ರತಿಯೊಂದು ಹಟ್ಟಿಗೂ ಒಂದೇ ಬಗೆಯ ಪೆಟ್ಟಿಗೆ; ಒಳಗಿನ ಪ್ರತಿಯೊಂದು ಔಷಧಕ್ಕೂ ಒಂದು ಅಂಕಿ. ವೈದ್ಯನು ರೇಡಿಯೋದಲ್ಲಿ ವಿಚಾರಿಸಿ, ಇಂಥ ಅಂಕಿಯ ಸೀಸೆಯಿಂದ ಇಷ್ಟು ಗುಳಿಗೆ ಕೊಡಿ ಎನ್ನುತ್ತಿದ್ದನು. ಔಷಧದ ಹೆಸರನ್ನು ಓದಲಾರದವನೂ ಅಂಕಿಯನ್ನು ಓದಬಲ್ಲನಷ್ಟೆ! ದೂರವೈದ್ಯದ ಚರಿತ್ರೆಯಲ್ಲಿ ನನಗೆ ರೇಡಿಯೋಗಿಂತಲೂ ಈ ಪೆಟ್ಟಿಗೆಯೇ ದೊಡ್ಡ ಕಲ್ಪನೆಯೆಂದು ಕಾಣುತ್ತದೆ.

ಬ್ರಿಟನ್ನಿನ ಉಪಶಮನ ಚಿಕಿತ್ಸೆಯಲ್ಲಿ ಅದೇ ಕಲ್ಪನೆ ಬೇರೊಂದು ರೂಪದಲ್ಲಿ ಬಳಕೆಯಲ್ಲಿದೆ. ರೋಗಿಯ ಅಂತ್ಯಕಾಲ ಸಮೀಪಿಸಿತೆಂದು ತೋರಿದಾಗ, ನೋವು, ಕಳವಳ, ವಾಂತಿ, ಗಂಟಲಿನ ಗೊರಗೊರ ಶಬ್ದ ಈ ನಾಲ್ಕಕ್ಕೂ ಬೇಕಾದ ಚುಚ್ಚುಮದ್ದುಗಳನ್ನು ವೈದ್ಯನು ಮುಂಚಿತವಾಗಿಯೇ ಬರೆದು, ಮೊಹರು ಮಾಡಿದ ಪೆಟ್ಟಿಗೆಯಲ್ಲಿ ರೋಗಿಯ ಮನೆಯಲ್ಲಿ ಇರಿಸುತ್ತಾನೆ. ನಡುರಾತ್ರಿಯಲ್ಲಿ ಬರುವ ದಾದಿಯು ಔಷಧದಂಗಡಿಯನ್ನು ಹುಡುಕಬೇಕಾಗಿಲ್ಲ. ಯಾರ್ಕ್‌ಷೈರಿನ ಏರ್‌ಡೇಲ್ ಆಸ್ಪತ್ರೆಯಲ್ಲಿ ೨೦೧೩ರಲ್ಲಿ ‘ಗೋಲ್ಡ್ ಲೈನ್’ ಎಂಬ ಸೇವೆ ಆರಂಭವಾಯಿತು. ಬಾಳಿನ ಕೊನೆಯ ವರ್ಷದಲ್ಲಿರುವರೆಂದು ಅಂದಾಜಾದವರಿಗೆ ಒಂದೇ ಒಂದು ಟೆಲಿಫೋನ್ ನಂಬರು ಕೊಡುವುದು. ಇಪ್ಪತ್ತನಾಲ್ಕು ಗಂಟೆಯೂ ಅನುಭವಿ ದಾದಿಯರು ಉತ್ತರಿಸುವರು. ರೋಗಿಯ ಕಡತ ಅವರ ಮುಂದಿರುವುದು. ಬೇಕಾದರೆ ಊರಿನ ದಾದಿಯನ್ನು ಮನೆಗೆ ಕಳುಹಿಸುವರು. ದನಿ, ಕಡತ, ಪೆಟ್ಟಿಗೆ, ಮನೆಗೆ ಬರುವ ಕೈ ಇವು ಒಂದಕ್ಕೊಂದು ಕೂಡಿಕೊಂಡಿವೆ. ಆಸ್ಟ್ರೇಲಿಯದಲ್ಲಿಯಾದರೋ ಮನೆಯವರಿಗೇ ಚರ್ಮದಡಿಗೆ ಚುಚ್ಚುಮದ್ದು ಕೊಡುವುದನ್ನು ಕಲಿಸಿ, ಸಂದೇಹ ಬಂದಾಗ ಟೆಲಿಫೋನಿನಲ್ಲಿ ಒತ್ತಾಸೆ ಕೊಡುವ ಏರ್ಪಾಡೂ ಇದೆ.

ಈಗ ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಅಫೀಮಿನ ಬೆಳೆಗೆ ಸರ್ಕಾರದ ಅನುಮತಿಯುಂಟು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಲ್ಲಿ ರೈತರು ಅದನ್ನು ಬೆಳೆಯುತ್ತಾರೆ. ನೀಮಚ್, ಘಾಜಿಪುರಗಳಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಹೀಗೆ ಗಸಗಸೆಯ ಹಾಲು ಹರಿಯುವ ದೇಶದಲ್ಲಿ ನೋವಿನಿಂದ ನರಳುವವನಿಗೆ ಮಾರ್ಫೀನ್ ದೊರೆಯದಿರುವುದು ವಿಚಿತ್ರವಾದರೂ ನಿಜ. ೧೯೮೫ರ ಮಾದಕದ್ರವ್ಯಗಳ ಕಾಯಿದೆಯು ದುರುಪಯೋಗವನ್ನು ತಡೆಯಲು ಹುಟ್ಟಿತು. ಆದರೆ ಅದರ ಕಠಿಣ ಶಿಕ್ಷೆಗಳಿಗೂ ಬಗೆಬಗೆಯ ಪರವಾನಗಿಗಳಿಗೂ ಅಂಜಿ ಆಸ್ಪತ್ರೆಗಳೂ ಅಂಗಡಿಗಳೂ ಮಾರ್ಫೀನಿನ ಸಹವಾಸವನ್ನೇ ಬಿಟ್ಟುವು. ಒಂದು ತಲೆಮಾರಿನ ವೈದ್ಯರು ಅದನ್ನು ಕೈಯಿಂದ ಮುಟ್ಟದೆಯೇ ಕಲಿತು ಹೊರಬಂದರು. ಉಪಶಮನ ಚಿಕಿತ್ಸಕರ ಬಹುಕಾಲದ ಪ್ರಯತ್ನದ ಫಲವಾಗಿ ೨೦೧೪ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಮಾರ್ಫೀನ್ ಸೇರಿ ಆರು ಔಷಧಗಳನ್ನು ಅತ್ಯವಶ್ಯಕವೆಂದು ಗಣಿಸಿ, ಅವುಗಳನ್ನು ಇಟ್ಟುಕೊಳ್ಳಲು ಮಾನ್ಯತೆ ಪಡೆದ ವೈದ್ಯಸಂಸ್ಥೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಒಪ್ಪಿಗೆ ಸಾಕೆಂದು ಗೊತ್ತುಮಾಡಿದರು. ಸಂಸ್ಥೆಯಲ್ಲಿ ತರಬೇತಿ ಹೊಂದಿದ ವೈದ್ಯರೊಬ್ಬರಿರಬೇಕು, ಲೆಕ್ಕಪತ್ರ ಸರಿಯಾಗಿರಬೇಕು, ಇಷ್ಟೆ.

ಅನಂತರ ೨೦೨೦ರ ಮಾರ್ಚಿಯಲ್ಲಿ, ಕೊರೋನ ಪಿಡುಗಿನ ಆರಂಭದಲ್ಲಿಯೇ, ದೂರವೈದ್ಯದ ಮಾರ್ಗಸೂಚಿಗಳು ಹೊರಬಿದ್ದುವು. ಭಾರತದ ನೋಂದಾಯಿತ ವೈದ್ಯರು ಟೆಲಿಫೋನಿನಲ್ಲಿಯೂ ವೀಡಿಯೋದಲ್ಲಿಯೂ ರೋಗಿಯನ್ನು ವಿಚಾರಿಸಿ ಔಷಧ ಬರೆಯಬಹುದೆಂದು ಅವು ಸ್ಪಷ್ಟಪಡಿಸಿದುವು. ಹಿಂದಿನ ವರ್ಷವಷ್ಟೇ ಕೇಂದ್ರ ಸರ್ಕಾರದ ‘ಇ-ಸಂಜೀವನಿ’ ಸೇವೆ ಮೊದಲಾಗಿತ್ತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರೋಗಿಯನ್ನು ಕೂರಿಸಿಕೊಂಡ ಕಾರ್ಯಕರ್ತೆಯು ಅದರ ಮೂಲಕ ಪಟ್ಟಣದ ವೈದ್ಯರನ್ನು ಕಾಣಬಹುದು. ಆದರೆ ಆ ಮಾರ್ಗಸೂಚಿಯಲ್ಲಿ ದೂರದಿಂದ ಬರೆಯಲೇಕೂಡದ ಔಷಧಗಳ ಪಟ್ಟಿಯೊಂದಿತ್ತು, ೧೯೮೫ರ ಕಾಯಿದೆಗೆ ಒಳಪಟ್ಟ ಮಾದಕದ್ರವ್ಯಗಳು ಅದರಲ್ಲಿ ಸೇರಿದುವು, ಮಾರ್ಫೀನ್ ಅವುಗಳಲ್ಲೊಂದು. ಅಂದರೆ, ಯಾವ ರೋಗಿಯು ಪ್ರಯಾಣ ಮಾಡಲಾರನೋ ಅವನಿಗೆ ದೂರದ ವೈದ್ಯನು ಸಲಹೆ ಹೇಳಬಹುದು. ಅವನಿಗೆ ಅತ್ಯಂತ ಬೇಕಾದ ಔಷಧವನ್ನು ಮಾತ್ರ ಬರೆದುಕೊಡಲಾರನು. ನಿಷೇಧಕ್ಕೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಅಫೀಮು ಜಾತಿಯ ಗುಳಿಗೆಗಳನ್ನು ಹದ್ದುಮೀರಿ ಬರೆದುದರಿಂದ ಆದ ಅನಾಹುತ ಎಲ್ಲರಿಗೂ ತಿಳಿದುದೇ. ಆದರೆ ಮುಖ ಕಾಣದ ಅಪರಿಚಿತನಿಗೆ ಹೊಸದಾಗಿ ಬರೆಯುವುದು ಬೇರೆ. ಒಮ್ಮೆ ಎದುರಿಗೆ ಪರೀಕ್ಷಿಸಿದ, ಕಡತವಿರುವ, ತಮ್ಮ ಆರೈಕೆಯಲ್ಲಿಯೇ ಇರುವ ರೋಗಿಗೆ ಮುಂದುವರಿಸಿ ಬರೆಯುವುದು ಬೇರೆ. ಈ ಎರಡನ್ನೂ ಒಂದೇ ಗೆರೆಯಿಂದ ಹೊಡೆದುಹಾಕಿದ್ದು ಸರಿಯಲ್ಲ.

ಈ ತೊಡಕಿನ ನಡುವೆಯೂ ದಾರಿಯುಂಟೆಂಬುದಕ್ಕೆ ನೆರೆಯ ಕೇರಳವನ್ನು ನೋಡಬೇಕು. ೧೯೯೩ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಎಂ. ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ನೋವು ಮತ್ತು ಉಪಶಮನ ಸಂಘವೊಂದನ್ನು ಕಟ್ಟಿದರು. ಆಸ್ಪತ್ರೆಗೆ ಬರಲಾರದವರೇ ಹೆಚ್ಚೆಂಬುದು ಬೇಗನೆ ತಿಳಿಯಿತು. ಊರೂರಿನಲ್ಲಿ ನೆರೆಹೊರೆಯವರನ್ನೇ ತರಬೇತುಗೊಳಿಸಿ, ವಾರಕ್ಕೆ ಕೆಲವು ಗಂಟೆ ರೋಗಿಯ ಮನೆಗೆ ಹೋಗಿಬರುವಂತೆ ಏರ್ಪಡಿಸಿದರು. ಮಲಪ್ಪುರ ಜಿಲ್ಲೆಯಲ್ಲಿ ಈ ಜಾಲ ವಿಶೇಷವಾಗಿ ಹಬ್ಬಿತು. ೨೦೦೮ರಲ್ಲಿ ರಾಜ್ಯಸರ್ಕಾರವು ಉಪಶಮನ ನೀತಿಯನ್ನು ಅಂಗೀಕರಿಸಿತು. ಪಂಚಾಯಿತಿಗಳ ಹೊಣೆಯಲ್ಲಿ ದಾದಿಯರು ಮನೆಮನೆಗೆ ಹೋಗತೊಡಗಿದರು. ಇಂಥ ಕಡೆ ಟೆಲಿಫೋನಿಗೆ ಬೆಲೆ ಬರುತ್ತದೆ. ದಾದಿಯು ಹಾಸಿಗೆಯ ಪಕ್ಕದಲ್ಲಿಯೇ ನಿಂತು ವೈದ್ಯನೊಡನೆ ಮಾತಾಡುತ್ತಾಳೆ. ಹುಣ್ಣಿನ ಚಿತ್ರವನ್ನು ತೆಗೆದು ಕಳುಹಿಸುತ್ತಾಳೆ. ಮಾರ್ಫೀನ್ ಇರುವ ಮಾನ್ಯ ಕೇಂದ್ರವು ಹತ್ತಿರದಲ್ಲಿಯೇ ಇರುತ್ತದೆ.

ಅಂಥ ಕೇಂದ್ರಗಳು ಇಲ್ಲದ ಕಡೆ ದೂರವೈದ್ಯದ ಮೊದಲ ಕೆಲಸ ರೋಗಿಯನ್ನು ನೋಡುವುದಾಗಿರದೆ ವೈದ್ಯನನ್ನು ತಯಾರಿಸುವುದಾಗಿರಬಹುದು. ಭಾರತ ಸಂಜಾತರಾದ ಸಂಜೀವ್ ಅರೋರಾ ೨೦೦೩ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ‘ಎಕೋ’ ಎಂಬ ಪದ್ಧತಿಯನ್ನು ಆರಂಭಿಸಿದರು. ವಾರಕ್ಕೊಮ್ಮೆ ಹಳ್ಳಿಗಳ ವೈದ್ಯರು ವೀಡಿಯೋದಲ್ಲಿ ಕಲೆತು ತಮ್ಮ ರೋಗಿಗಳ ವಿವರವನ್ನು ತಜ್ಞರ ಮುಂದಿಡುವುದು. ತಜ್ಞರು ಚಿಕಿತ್ಸೆಯನ್ನು ತಾವು ಕೈಗೆ ತೆಗೆದುಕೊಳ್ಳದೆ ಅವರಿಗೇ ಕಲಿಸುವುದು. ಯಕೃತ್ತಿನ ‘ಸಿ’ ವೈರಸ್ ಬೇನೆಯಲ್ಲಿ ಹೀಗೆ ಕಲಿತ ಹಳ್ಳಿವೈದ್ಯರ ರೋಗಿಗಳು ನೂರಕ್ಕೆ ೫೮ರಷ್ಟು ಗುಣಹೊಂದಿದರು. ವಿಶ್ವವಿದ್ಯಾಲಯದ ತಜ್ಞರ ರೋಗಿಗಳೂ ಹೆಚ್ಚುಕಡಿಮೆ ಅಷ್ಟೇ. ಇದು ೨೦೧೧ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮನೋವೈದ್ಯದಲ್ಲಿ ಇದೇ ಪದ್ಧತಿಯನ್ನು ಕೈಗೊಂಡಿತು. ಉಪಶಮನ ಚಿಕಿತ್ಸೆಯ ಪಾಠಗಳನ್ನೂ ನಮ್ಮ ದೇಶದಲ್ಲಿ ಹೀಗೆ ನಡೆಸುತ್ತ ಬಂದಿದ್ದಾರೆ. ತಾಲ್ಲೂಕಿನ ವೈದ್ಯನೊಬ್ಬನು ಕಲಿತು, ತನ್ನ ಆಸ್ಪತ್ರೆಗೆ ಮಾನ್ಯತೆ ಪಡೆದರೆ, ಆ ತಾಲ್ಲೂಕಿನ ಪೆಟ್ಟಿಗೆ ಸಿದ್ಧವಾದಂತೆ.

ದನಿಯೊಂದರಿಂದಲೇ ಆಗುವ ಕೆಲಸಗಳೂ ಇವೆಯೆಂಬುದನ್ನು ಮರೆಯಬಾರದು. ರಾತ್ರಿ ಎರಡು ಗಂಟೆ. ತಾಯಿಯ ಗಂಟಲಿನಲ್ಲಿ ಗೊರಗೊರ ಸದ್ದು. ಉಸಿರುಕಟ್ಟಿ ಸಾಯುತ್ತಿದ್ದಾಳೆಂದು ಮಗಳು ಹೆದರುತ್ತಾಳೆ. ಅರಿವು ಕುಂದಿದಾಗ ಎಂಜಲು ನುಂಗುವ ಶಕ್ತಿ ಹೋಗುತ್ತದೆ, ಗಂಟಲಿನಲ್ಲಿ ನಿಂತ ಆ ದ್ರವದ ಮೂಲಕ ಗಾಳಿ ಹಾಯುವಾಗ ಸದ್ದಾಗುತ್ತದೆ, ಅದು ಕೇಳುವವರಿಗೆ ಘೋರವೇ ಹೊರತು ಆ ಸ್ಥಿತಿಯಲ್ಲಿರುವವರಿಗೆ ಅದರಿಂದ ಯಾತನೆಯಾಗುವಂತೆ ಕಾಣುವುದಿಲ್ಲ ಎಂದು ದಾದಿಯು ತಿಳಿಸಿ, ಮಗ್ಗುಲಿಗೆ ಹೊರಳಿಸಿ ಮಲಗಿಸಲು ಹೇಳುತ್ತಾಳೆ. ಏದುಸಿರಿಗೆ ಬೀಸಣಿಗೆಯ ಉಪಾಯವೂ ಹೀಗೆಯೇ. ಮೂಗು ಕೆನ್ನೆಗಳ ಮೇಲೆ ತಣ್ಣನೆಯ ಗಾಳಿ ಹರಿದರೆ ಮುಖದ ತ್ರಿಶಾಖಾ ನರದ ಮೂಲಕ ಮಿದುಳಿಗೆ ಸುದ್ದಿ ಹೋಗಿ ಉಸಿರಿನ ಸಂಕಟ ಇಳಿಯುತ್ತದೆ. ೨೦೧೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ೫೦ ಮಂದಿ ರೋಗಿಗಳ ಮುಖಕ್ಕೂ ಕಾಲಿಗೂ ಬೇರೆ ಬೇರೆಯಾಗಿ ಐದೈದು ನಿಮಿಷ ಕೈಪಂಖದಿಂದ ಗಾಳಿ ಹಾಕಿ ನೋಡಿದರು; ಮುಖಕ್ಕೆ ಹಾಕಿದಾಗಲೇ ಹಾಯೆನಿಸಿತು. ನಮ್ಮ ಅಜ್ಜಿಯರು ಲಾವಂಚದ ಬೀಸಣಿಗೆಯಿಂದ ಮಾಡುತ್ತಿದ್ದುದನ್ನು ಟೆಲಿಫೋನಿನಲ್ಲಿ ನೆನಪಿಸಲು ಯಾವ ಪರವಾನಗಿಯೂ ಬೇಡ.

ಆದರೆ ಮುಟ್ಟಿಯೇ ತಿಳಿಯಬೇಕಾದುದನ್ನು ದನಿ ತಿಳಿಸದು. ಮಾತು ನಿಂತ ಮುದುಕನೊಬ್ಬನು ಇದ್ದಕ್ಕಿದ್ದಂತೆ ಹೊರಳಾಡಿ ಬಟ್ಟೆ ಕೀಳತೊಡಗಿದರೆ, ನೋವು ಹೆಚ್ಚಿತೆಂದು ಮಾರ್ಫೀನ್ ಏರಿಸಬೇಕೆನ್ನಿಸುತ್ತದೆ. ಕಾರಣ ಮೂತ್ರ ಕಟ್ಟಿರುವುದೂ ಆಗಿರಬಹುದು. ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟವರಿಗೆ ಉಬ್ಬಿದ ಮೂತ್ರಕೋಶ ಸಿಕ್ಕುತ್ತದೆ. ಒಂದು ಸಣ್ಣ ನಳಿಗೆ ಹಾಕಿದರೆ ಮುದುಕನು ನಿದ್ರೆಹೋಗುತ್ತಾನೆ. ಆದುದರಿಂದ ಒಳ್ಳೆಯ ದಾದಿಯು ಟೆಲಿಫೋನಿನಲ್ಲಿ ತಪ್ಪದೆ ಎರಡು ಪ್ರಶ್ನೆ ಕೇಳುತ್ತಾಳೆ: ಮೂತ್ರ ಯಾವಾಗ ಹೋಯಿತು? ಬಹಿರ್ದೆಸೆಯಾಗಿ ಎಷ್ಟು ದಿನವಾಯಿತು? ಉತ್ತರ ಸರಿತೋರದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಊರಿನ ದಾದಿಯನ್ನೋ ಕಳುಹಿಸುತ್ತಾಳೆ.

ಕರೆ ಮಾಡುವ ಮನೆಯವರು ಕೆಲವನ್ನು ಸಿದ್ಧವಾಗಿಟ್ಟುಕೊಂಡರೆ ಹೊತ್ತು ಉಳಿಯುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ, ಮನೆಯಲ್ಲಿರುವ ಎಲ್ಲ ಗುಳಿಗೆಗಳ ಪಟ್ಟಿಗಳು, ಕೊಟ್ಟ ಹೊತ್ತು ಬರೆದ ಪುಸ್ತಕ, ಬರೆದುಕೊಳ್ಳಲು ಒಂದು ಪೆನ್ಸಿಲು ಹತ್ತಿರವಿರಲಿ. ಮಾತು ಮುಗಿದ ಮೇಲೆ ಕೇಳಿದುದನ್ನು ತಿರುಗಿ ಓದಿ ಹೇಳಬೇಕು. ಹದಿನೈದಕ್ಕೂ ಐವತ್ತಕ್ಕೂ ದನಿ ಒಡೆದಾಗ ಭೇದ ತಿಳಿಯದೆಹೋಗುವುದು ಇಂಗ್ಲಿಷಿನಲ್ಲಿ ಹೇಳುವಾಗ ಸುಲಭ. ರೋಗಿಗೆ ಕೇಳಿಸಬಾರದೆಂದು ಮನೆಯವರು ಹಿತ್ತಿಲಿಗೆ ಹೋಗಿ ಮಾತಾಡುವುದುಂಟು. ಮಾತಾಡಬಲ್ಲ ರೋಗಿಯಾದರೆ ಒಂದು ಸಲವಾದರೂ ಫೋನನ್ನು ಅವನ ಕೈಗೇ ಕೊಡಬೇಕು.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಕ್ಕುವುದು ಅಂಗಳದಾಚೆಯ ದಿಬ್ಬದ ಮೇಲೆ ಮಾತ್ರ. ಮಳೆಗಾಲದಲ್ಲಿ ಕರೆಂಟು ಹೋದರೆ ಗೋಪುರವೂ ಮೂಕ. ಅಲ್ಲಿ ವೀಡಿಯೋ ಎಂಬುದು ಆಸೆ ಮಾತ್ರ. ದನಿಯಷ್ಟೇ ದಾಟುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಅಂಥ ಮನೆಗಳಿಗೆ ಕರೆ ಮಾಡಿರೆಂದು ಹೇಳಿ ಕಾಯುವುದಕ್ಕಿಂತ, ವಾರದಲ್ಲಿ ಇಂಥ ದಿನ ಇಂಥ ಹೊತ್ತಿಗೆ ನಾವೇ ಕರೆಯುತ್ತೇವೆ, ದಿಬ್ಬದ ಮೇಲೆ ಇರಿ ಎಂದು ಗೊತ್ತುಮಾಡಿಕೊಳ್ಳುವುದು ಲೇಸು. ಆ ವಾರಕ್ಕೆ ಬೇಕಾದ ಗುಳಿಗೆಗಳ ಮೇಲೆ ಇನ್ನೊಂದು ವಾರಕ್ಕಾಗುವಷ್ಟು ಮನೆಯಲ್ಲಿ ಉಳಿದಿರುವಂತೆಯೂ ಲೆಕ್ಕ ಹಾಕಿಕೊಡಬೇಕಾಗುತ್ತದೆ.